ಹೊಸಬರ ಲಿನಕ್ಸ್‌ಗೆ ಯಾವ ಡೆಸ್ಕ್‌ಟಾಪ್? ಡೀಫಾಲ್ಟ್‌ಗಳನ್ನು ಅಳೆಯುವ ಬಗೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಹೆಸರು ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಭದ್ರತಾ ಅಪ್‌ಡೇಟ್‌ಗಳು 2026ರ ಅಕ್ಟೋಬರ್ 13ರವರೆಗೆ ಎಂದು ಗಡುವು ಕೊಟ್ಟಿದ್ದಾರೆ. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಇಂಟೆಲ್ ಆದರೆ ಬಹುಮಟ್ಟಿಗೆ 8ನೇ ತಲೆಮಾರಿನ ಪ್ರೊಸೆಸರ್ ಇರಬೇಕು. 7ನೇ ತಲೆಮಾರಿನ ಐ5, 8 ಜಿಬಿ ಮೆಮೊರಿ ಇರುವ, ಚೆನ್ನಾಗಿಯೇ ನಡೆಯುತ್ತಿರುವ ಲ್ಯಾಪ್‌ಟಾಪ್ ಇಟ್ಟುಕೊಂಡವರು ಹಾಗಾಗಿ ಲಿನಕ್ಸ್ ಕಡೆ ನೋಡುತ್ತಿದ್ದಾರೆ. ಲಿನಕ್ಸ್‌ನ ಹಲವು ರೂಪಗಳಲ್ಲಿ ಒಂದಾದ ಜೋರಿನ್ ಓಎಸ್ ತನ್ನ 18ನೇ ಆವೃತ್ತಿಯನ್ನು ಅದೇ ಅಕ್ಟೋಬರ್ 14ರಂದು ಬಿಡುಗಡೆ ಮಾಡಿತು.

ಹೀಗೆ ಬರುವವರು ಕೇಳುವ ಪ್ರಶ್ನೆ, "ಯಾವ ಲಿನಕ್ಸ್ ಹಾಕಲಿ?" ಉತ್ತರ ಕೊಡುವವರ ವಾದ ಮಾತ್ರ ಬೇರೆ ಕಡೆ ಹರಿಯುತ್ತದೆ: ಗ್ನೋಮ್ ಮೇಲೋ, ಕೆಡಿಇ ಪ್ಲಾಸ್ಮಾ ಮೇಲೋ, ಸಿನಮನ್ ಸಾಕೋ. ಇವು ಡೆಸ್ಕ್‌ಟಾಪ್‌ಗಳು, ಅಂದರೆ ಪರದೆಯ ಮೇಲಿನ ಮೆನು, ಕಿಟಕಿ, ಸೆಟ್ಟಿಂಗ್‌ಗಳ ಜೋಡಣೆ. ಹೊಸಬರಿಗೆ ಈ ಹೆಸರುಗಳ ಪರಿಚಯವೇ ಇರುವುದಿಲ್ಲ. ಹಾಗಾಗಿ ಅವರ ಪರವಾಗಿ ಆಯ್ಕೆ ಮಾಡುವುದು ಡಿಸ್ಟ್ರೋದ (ಉಬುಂಟು, ಫೆಡೋರಾದಂಥ ಲಿನಕ್ಸ್ ರೂಪದ) ಡೀಫಾಲ್ಟ್, ಅಂದರೆ ಅದು ಮೊದಲೇ ಹಾಕಿಕೊಟ್ಟ ಆಯ್ಕೆ. ಆಯ್ಕೆಯೊಂದು ನಡೆದಿದೆ ಎಂಬುದೂ ಅವರಿಗೆ ತಿಳಿಯುವುದಿಲ್ಲ. ಕಿಟಕಿಯಲ್ಲಿ ಮಿನಿಮೈಜ್ ಗುಂಡಿ ಕಾಣದಿದ್ದರೆ ಅದನ್ನು ಯಾರೋ ಬೇಕೆಂದೇ ತೆಗೆದಿದ್ದಾರೆ ಎಂದು ಅವರು ಊಹಿಸುವುದಿಲ್ಲ, ಲಿನಕ್ಸ್‌ನಲ್ಲಿ ಆ ಸೌಲಭ್ಯವೇ ಇಲ್ಲ ಎಂದುಕೊಳ್ಳುತ್ತಾರೆ.

ಒಂದು ಡೀಫಾಲ್ಟ್ ಸರಿಯೋ ತಪ್ಪೋ ಎಂದು ಅಳೆಯಲು ಎರಡು ಪ್ರಶ್ನೆ ಸಾಕು. ಅದನ್ನು ಎಂದೂ ಮುಟ್ಟದೆ ಬಿಟ್ಟವರು ಏನು ಕಳೆದುಕೊಳ್ಳುತ್ತಾರೆ? ಅದು ಒಗ್ಗದಿದ್ದರೆ ಬದಲಿಸುವ ದಾರಿ ಅವರ ಕಣ್ಣಿಗೆ ಬೀಳುತ್ತದೆಯೇ? ಎದುರಿಗೇ ಕಾಣುವ ತೊಂದರೆಯನ್ನು ಜನ ಹುಡುಕಿ ಸರಿಮಾಡಿಕೊಳ್ಳುತ್ತಾರೆ. ಸದ್ದಿಲ್ಲದೆ ಆಗುವ ತೊಂದರೆಯನ್ನು ಹಾಗೆ ಸರಿಮಾಡಿಕೊಳ್ಳಲು ಆಗುವುದಿಲ್ಲ, ಯಾಕೆಂದರೆ ಏನನ್ನು ಹುಡುಕಬೇಕೆಂಬುದೇ ಗೊತ್ತಿರುವುದಿಲ್ಲ. ಡೆಸ್ಕ್‌ಟಾಪ್‌ನ ಅಂದಚೆಂದಕ್ಕಿಂತ ಈ ಎರಡನೆಯ ಬಗೆಯ ತೊಂದರೆಗೇ ಹೆಚ್ಚು ತೂಕ ಕೊಡಬೇಕು.

ಡೆಬಿಯನ್ ಕೊಟ್ಟ ಕಾರಣಗಳು

ಡೀಫಾಲ್ಟ್ ಡೆಸ್ಕ್‌ಟಾಪ್ ಅನ್ನು ಯಾವ ಕಾರಣಕ್ಕೆ ಆರಿಸಬೇಕು ಎಂಬ ಚರ್ಚೆ ಬಯಲಲ್ಲಿ ನಡೆದದ್ದು ಡೆಬಿಯನ್ ಎಂಬ ಡಿಸ್ಟ್ರೋದ ಯೋಜನೆಯಲ್ಲಿ. 2012ರಲ್ಲಿ ಇನ್‌ಸ್ಟಾಲರ್‌ನ ಡೀಫಾಲ್ಟ್ ಗ್ನೋಮ್‌ನಿಂದ ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್‌ಗೆ ಬದಲಾಯಿತು. ಆಗಿನ ಮುಖ್ಯ ಕಾರಣ, ಗ್ನೋಮ್ ಮೊದಲ ಸಿಡಿಯಲ್ಲಿ ಹಿಡಿಸುತ್ತಿರಲಿಲ್ಲ. ಆ ಬದಲಾವಣೆ ಉಳಿಯಲಿಲ್ಲ, 2013ರ ಡೆಬಿಯನ್ 7 ಗ್ನೋಮ್ ಜೊತೆಗೇ ಬಂತು. 2013ರ ಕೊನೆಗೆ ಮತ್ತೆ ಎಕ್ಸ್‌ಎಫ್‌ಸಿಇ, 2014ರ ಸೆಪ್ಟೆಂಬರ್‌ನಲ್ಲಿ ಮತ್ತೆ ಗ್ನೋಮ್. 2015ರ ಏಪ್ರಿಲ್‌ನಲ್ಲಿ ಡೆಬಿಯನ್ 8 ಗ್ನೋಮ್‌ನೊಂದಿಗೆ ಬಿಡುಗಡೆಯಾಯಿತು.

ಕೊನೆಯ ತಿರುವಿನ ಕಾರಣಗಳಲ್ಲಿ ಸಿಸ್ಟಂಡಿ (ಯಂತ್ರ ಶುರುವಾದಾಗ ಸೇವೆಗಳನ್ನು ಎಬ್ಬಿಸಿ ನಡೆಸುವ ಪ್ರೋಗ್ರಾಂ) ಜೊತೆಗಿನ ಹೊಂದಾಣಿಕೆ ಒಂದು. ಅದಕ್ಕಿಂತ ಮುಖ್ಯವಾದದ್ದು ದೃಷ್ಟಿಹೀನರೂ ಬಳಸಬಹುದಾದ ವ್ಯವಸ್ಥೆ. ಗ್ನೋಮ್‌ನಲ್ಲಿ ಸೂಪರ್ (ವಿಂಡೋಸ್ ಚಿಹ್ನೆಯ ಕೀ), ಆಲ್ಟ್, ಎಸ್ ಕೀಗಳನ್ನು ಒಟ್ಟಿಗೆ ಒತ್ತಿದರೆ ಓರ್ಕಾ ಸ್ಕ್ರೀನ್ ರೀಡರ್ ಮಾತಾಡತೊಡಗುತ್ತದೆ. ಕಣ್ಣಿರುವವರು ಡೀಫಾಲ್ಟ್ ಹಿಡಿಸದಿದ್ದರೆ ಸೆಟ್ಟಿಂಗ್ಸ್ ತೆರೆದು ಬದಲಿಸುತ್ತಾರೆ. ಕಣ್ಣಿಲ್ಲದವರ ಕಂಪ್ಯೂಟರ್ ಮೊದಲ ಲಾಗಿನ್‌ನಲ್ಲಿ ಮಾತಾಡದಿದ್ದರೆ ಸೆಟ್ಟಿಂಗ್ಸ್ ತೆರೆಯುವುದಕ್ಕೂ ಇನ್ನೊಬ್ಬರು ಬೇಕು. ಡೀಫಾಲ್ಟ್ ಬದಲಿಸಿಕೊಳ್ಳಲು ಯಾರಿಗೆ ಅತಿ ಕಷ್ಟವೋ ಅವರ ಕಡೆಯಿಂದ ಯೋಚನೆ ಶುರುವಾಗಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ. ಓರ್ಕಾ ಬಳಸುವ, ಪಠ್ಯವನ್ನು ಮಾತಾಗಿಸುವ ಈಸ್ಪೀಕ್ ಎನ್‌ಜಿಯಲ್ಲಿ ಕನ್ನಡದ ಧ್ವನಿಯೂ ಇದೆ. ಧ್ವನಿ ಯಾಂತ್ರಿಕವಾದರೂ ಕನ್ನಡ ಪುಟವನ್ನು ಓದಿಸಿ ಕೇಳಬಹುದು.

ಅದೇ ಡೆಬಿಯನ್ ಇನ್‌ಸ್ಟಾಲರ್ ಇವತ್ತಿಗೂ ಹೊಸಬರನ್ನು ಒಂದು ಪರದೆಯಲ್ಲಿ ಎಡವಿಸುತ್ತದೆ. ಗ್ನೋಮ್, ಎಕ್ಸ್‌ಎಫ್‌ಸಿಇ, ಪ್ಲಾಸ್ಮಾ, ಸಿನಮನ್, ಮಾಟೆ, ಎಲ್‌ಎಕ್ಸ್‌ಡಿಇ, ಎಲ್‌ಎಕ್ಸ್‌ಕ್ಯೂಟಿ ಎಂದು ಸಾಲಾಗಿ ಚೌಕಗಳು ಬರುತ್ತವೆ, ಯಾವುದರ ಚಿತ್ರವೂ ಇರುವುದಿಲ್ಲ. ಎಲ್ಲವೂ ಇರಲಿ ಎಂದು ನಾಲ್ಕಕ್ಕೆ ಟಿಕ್ ಹಾಕಿದರೆ ನಾಲ್ಕು ಫೈಲ್ ಮ್ಯಾನೇಜರ್, ಮೂರ್ನಾಲ್ಕು ಟರ್ಮಿನಲ್, ಎರಡು ಪಾಸ್‌ವರ್ಡ್ ಪೆಟ್ಟಿಗೆಗಳು ಒಂದೇ ಮೆನುವಿನಲ್ಲಿ ಸೇರಿಕೊಳ್ಳುತ್ತವೆ. ಪಿಡಿಎಫ್ ಒಂದು ದಿನ ಒಂದು ಆ್ಯಪ್‌ನಲ್ಲಿ, ಇನ್ನೊಂದು ದಿನ ಇನ್ನೊಂದರಲ್ಲಿ ತೆರೆದುಕೊಳ್ಳಬಹುದು. ಆಮೇಲೆ ಬಿಡಿಸಿ ತೆಗೆಯುವುದು ಹೊಸದಾಗಿ ಇನ್‌ಸ್ಟಾಲ್ ಮಾಡುವುದಕ್ಕಿಂತ ಹೆಚ್ಚಿನ ಕೆಲಸ. ಒಂದಕ್ಕೆ ಮಾತ್ರ ಟಿಕ್ ಹಾಕಿ. ಯಾವುದೆಂದು ತಿಳಿಯದಿದ್ದರೆ ಒಂದೊಂದು ಡೆಸ್ಕ್‌ಟಾಪ್‌ಗೆ ಒಂದೊಂದರಂತೆ ಸಿಗುವ, ಇನ್‌ಸ್ಟಾಲ್ ಮಾಡದೆಯೇ ನಡೆಯುವ ಲೈವ್ ಇಮೇಜ್‌ಗಳನ್ನು ಪೆನ್‌ಡ್ರೈವ್‌ನಿಂದ ಓಡಿಸಿ ನೋಡಿ.

ಸದ್ದಿಲ್ಲದ ತೊಂದರೆಗಳು

2011ರ ಏಪ್ರಿಲ್‌ನಲ್ಲಿ ಗ್ನೋಮ್ 3 ಬಂತು, ಅದೇ ತಿಂಗಳು ಉಬುಂಟು 11.04 ತನ್ನದೇ ಡೆಸ್ಕ್‌ಟಾಪ್ ಆದ ಯೂನಿಟಿಯನ್ನು ಡೀಫಾಲ್ಟ್ ಮಾಡಿತು. ಹಳೆಯ ಟಾಸ್ಕ್‌ಬಾರ್ ಬೇಕೆಂದವರಿಗಾಗಿ ಗ್ನೋಮ್ 2ರ ಮುಂದುವರಿಕೆಯಾಗಿ ಮಾಟೆ ಹುಟ್ಟಿತು, ಲಿನಕ್ಸ್ ಮಿಂಟ್ ತಂಡ ಸಿನಮನ್ ಕಟ್ಟಿತು. ಉಬುಂಟು 17.10ರಲ್ಲಿ ಗ್ನೋಮ್‌ಗೆ ಮರಳಿತು. ಇಂದಿನ ಆಯ್ಕೆಗಳ ಪಟ್ಟಿ ಬಹುಪಾಲು ಆ ವರ್ಷಗಳ ಬಳುವಳಿ.

ಗ್ನೋಮ್‌ನ ಮೂಲ ರೂಪವನ್ನು ಹತ್ತಿರ ಹತ್ತಿರ ಹಾಗೆಯೇ ಕೊಡುವುದು ಫೆಡೋರಾ ವರ್ಕ್‌ಸ್ಟೇಷನ್. ಕಿಟಕಿಯ ಮೂಲೆಯಲ್ಲಿ ಮುಚ್ಚುವ ಗುಂಡಿ ಮಾತ್ರ ಇರುತ್ತದೆ. ಡೆಸ್ಕ್‌ಟಾಪ್ ಮೇಲೆ ಐಕಾನ್‌ಗಳಿಲ್ಲ, 3.28ರಲ್ಲಿ (2018) ಅದನ್ನು ತೆಗೆದರು. ಗ್ನೋಮ್ 40ರಿಂದ (2021) ಲಾಗಿನ್ ಆದ ತಕ್ಷಣ ಖಾಲಿ ಡೆಸ್ಕ್‌ಟಾಪ್ ಬದಲು ಓವರ್‌ವ್ಯೂ (ತೆರೆದ ಕಿಟಕಿಗಳನ್ನೂ ಹುಡುಕುವ ಪೆಟ್ಟಿಗೆಯನ್ನೂ ತೋರಿಸುವ ನೋಟ) ತೆರೆದುಕೊಳ್ಳುತ್ತದೆ. ಉಬುಂಟು ಇದೇ ಗ್ನೋಮ್ ಮೇಲೆ ಎಡಗಡೆಯ ಡಾಕ್ (ಆ್ಯಪ್ ಐಕಾನ್‌ಗಳ ಪಟ್ಟಿ), ಮಿನಿಮೈಜ್ ಮತ್ತು ಮ್ಯಾಕ್ಸಿಮೈಜ್ ಗುಂಡಿಗಳು, ಡೆಸ್ಕ್‌ಟಾಪ್ ಐಕಾನ್, ಟ್ರೇ ಐಕಾನ್‌ಗಳನ್ನು ಸೇರಿಸಿ ಕೊಡುತ್ತದೆ. "ಗ್ನೋಮ್ ಹೊಸಬರಿಗೆ ಒಗ್ಗುತ್ತದೆಯೇ?" ಎಂಬ ಪ್ರಶ್ನೆಗೆ ಇಬ್ಬರು ಎರಡು ಉತ್ತರ ಕೊಟ್ಟರೆ ಇಬ್ಬರೂ ಬೇರೆ ಬೇರೆ ಗ್ನೋಮ್ ನೋಡಿರುವ ಸಾಧ್ಯತೆಯೇ ಹೆಚ್ಚು.

ಈ ಪಟ್ಟಿಯಲ್ಲಿ ನಿಜವಾಗಿ ಕಾಡುವುದು ಟ್ರೇ. ಟೆಲಿಗ್ರಾಂನಂಥ ಆ್ಯಪ್‌ನ ಕಿಟಕಿ ಮುಚ್ಚಿದರೂ ಅದು ಹಿನ್ನೆಲೆಯಲ್ಲಿ ನಡೆಯುತ್ತಲೇ ಇರುತ್ತದೆ. ವಿಂಡೋಸ್‌ನಲ್ಲಿ ಗಡಿಯಾರದ ಪಕ್ಕದ ಐಕಾನ್ ಅದನ್ನು ತೋರಿಸುತ್ತದೆ. ಗ್ನೋಮ್ 3.26ರಲ್ಲಿ (2017) ಆ ಜಾಗವನ್ನೇ ತೆಗೆದುಹಾಕಿತು. ಟ್ರೇ ಇಲ್ಲದ ಗ್ನೋಮ್‌ನಲ್ಲಿ ಆ್ಯಪ್ ನಡೆಯುತ್ತಿದೆಯೋ ಇಲ್ಲವೋ ತಿಳಿಯದೆ ಹೊಸಬರು ಗೊಂದಲಕ್ಕೆ ಬೀಳುತ್ತಾರೆ, ಬ್ಯಾಟರಿ ಬೇಗ ಖಾಲಿಯಾದರೆ ಕಾರಣ ಹೊಳೆಯುವುದಿಲ್ಲ. ಆ್ಯಪ್‌ಇಂಡಿಕೇಟರ್ ಎಕ್ಸ್‌ಟೆನ್ಷನ್ (ಗ್ನೋಮ್‌ಗೆ ಸೇರಿಸುವ ಹೆಚ್ಚುವರಿ ತುಣುಕು) ಹಾಕಿದರೆ ಟ್ರೇ ಮರಳುತ್ತದೆ. ಆದರೆ ಎಕ್ಸ್‌ಟೆನ್ಷನ್‌ಗಳು ಗ್ನೋಮ್ ಶೆಲ್‌ನ ಒಳಗಿನ ಜಾವಾಸ್ಕ್ರಿಪ್ಟ್ ಕೋಡ್ ಅನ್ನೇ ತಿದ್ದಿ ಕೆಲಸ ಮಾಡುವುದರಿಂದ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಬರುವ ಪ್ರತಿ ಹೊಸ ಆವೃತ್ತಿಗೂ ಕೆಲವು ಮುರಿಯುತ್ತವೆ. 2023ರ ಗ್ನೋಮ್ 45 ಮಾಡ್ಯೂಲ್ ಪದ್ಧತಿಯನ್ನೇ ಬದಲಿಸಿದ್ದರಿಂದ ಹಳೆಯ ಎಕ್ಸ್‌ಟೆನ್ಷನ್‌ಗಳೆಲ್ಲ ತಿದ್ದುಪಡಿ ಆಗುವವರೆಗೆ ನಿಂತವು. ಹೊಸಬರ ದಿನನಿತ್ಯದ ಕೆಲಸ ಎಕ್ಸ್‌ಟೆನ್ಷನ್ ಮೇಲೆ ನಿಲ್ಲುವಂತಿದ್ದರೆ ಅದನ್ನು ಪರೀಕ್ಷಿಸಿ ಜೊತೆಯಲ್ಲೇ ಕೊಡುವ ಡಿಸ್ಟ್ರೋ ಆರಿಸಬೇಕು. ಬಿಡಿಬಿಡಿಯಾಗಿ ಹುಡುಕಿ ಹಾಕಿಕೊಳ್ಳಿ ಎಂದು ಹೇಳುವುದು ಆರು ತಿಂಗಳ ನಂತರದ ತೊಂದರೆಯನ್ನು ಇವತ್ತೇ ಕೊಟ್ಟಂತೆ.

ಟಚ್‌ಪ್ಯಾಡ್ ಇನ್ನೊಂದು ಮೌನದ ಜಾಗ. ಗ್ನೋಮ್ 46ರವರೆಗೆ (ಮಾರ್ಚ್ 2024) ಟಚ್‌ಪ್ಯಾಡ್ ಮೇಲೆ ಬೆರಳು ತಟ್ಟಿದರೆ ಕ್ಲಿಕ್ ಆಗುವುದು ಗ್ನೋಮ್‌ನ ಡೀಫಾಲ್ಟ್ ಆಗಿರಲಿಲ್ಲ, ಒತ್ತಿಯೇ ಕ್ಲಿಕ್ ಮಾಡಬೇಕಿತ್ತು. ಡಿಸ್ಟ್ರೋ ತಾನಾಗಿ ಬದಲಿಸಿ ಕೊಟ್ಟಿರದಿದ್ದರೆ ಹೊಸಬರು ಟಚ್‌ಪ್ಯಾಡ್‌ಗೆ ಡ್ರೈವರ್ ಇಲ್ಲ ಎಂದು ತೀರ್ಮಾನಿಸುತ್ತಿದ್ದರು. ಈಗ ಉಳಿದಿರುವುದು ರೈಟ್ ಕ್ಲಿಕ್: ಗ್ನೋಮ್‌ನಲ್ಲಿ ಎರಡು ಬೆರಳಿನಿಂದ ಒತ್ತಿದರೆ ರೈಟ್ ಕ್ಲಿಕ್, ವಿಂಡೋಸ್ ಲ್ಯಾಪ್‌ಟಾಪ್ ಬಳಸಿದವರ ಕೈ ಟಚ್‌ಪ್ಯಾಡ್‌ನ ಬಲ ಕೆಳಮೂಲೆಗೆ ಹೋಗುತ್ತದೆ. ಅಲ್ಲಿ ಒತ್ತಿದರೆ ಎಡ ಕ್ಲಿಕ್ಕೇ ಆಗುತ್ತದೆ. ಸೆಟ್ಟಿಂಗ್ಸ್‌ನ ಮೌಸ್ ಮತ್ತು ಟಚ್‌ಪ್ಯಾಡ್ ವಿಭಾಗದಲ್ಲಿ ಸೆಕೆಂಡರಿ ಕ್ಲಿಕ್ ಎಂಬಲ್ಲಿ ಮೂಲೆಯ ಆಯ್ಕೆಗೆ ಬದಲಿಸಿದರೆ ಸರಿಹೋಗುತ್ತದೆ. ಫೈಲ್ ಮ್ಯಾನೇಜರ್‌ನಲ್ಲಿ ರೈಟ್ ಕ್ಲಿಕ್ ಮಾಡಿದಾಗ "ಹೊಸ ದಾಖಲೆ" ಎಂಬ ಸಾಲು ಬರದಿರುವುದಕ್ಕೂ ಇಂಥದೇ ಸಣ್ಣ ಕಾರಣವಿದೆ. ಮನೆಯ (ಹೋಮ್) ಫೋಲ್ಡರ್‌ನಲ್ಲಿರುವ ಟೆಂಪ್ಲೇಟ್ಸ್ ಖಾಲಿ ಇದ್ದರೆ ಆ ಸಾಲು ಮೂಡುವುದಿಲ್ಲ, ಒಂದು ಖಾಲಿ ಪಠ್ಯ ಫೈಲ್ ಅಲ್ಲಿಟ್ಟರೆ ಮೂಡುತ್ತದೆ.

ಈಗ ಪ್ಲಾಸ್ಮಾ. ವರ್ಷಗಟ್ಟಲೆ ಅದರಲ್ಲಿ ಫೈಲ್ ತೆರೆಯಲು ಒಂದೇ ಕ್ಲಿಕ್ ಸಾಕಿತ್ತು. ಬೇರೆ ಕಡೆಯಿಂದ ಬಂದವರು ಅಭ್ಯಾಸಬಲದಿಂದ ಎರಡು ಸಲ ಒತ್ತುತ್ತಾರೆ. ಮೊದಲನೆಯದಕ್ಕೆ ಫೋಲ್ಡರ್ ತೆರೆದು, ಎರಡನೆಯದು ಒಳಗಿನ ಯಾವುದೋ ಫೈಲ್ ಮೇಲೆ ಬಿದ್ದು ಅದೂ ತೆರೆದುಕೊಳ್ಳುತ್ತದೆ. ಹಲವು ಡಿಸ್ಟ್ರೋಗಳು ಇದನ್ನು ತಾವೇ ಎರಡು ಕ್ಲಿಕ್‌ಗೆ ಬದಲಿಸಿ ಕೊಡುತ್ತಿದ್ದವು. 2024ರ ಫೆಬ್ರುವರಿ 28ರಂದು ಬಂದ ಪ್ಲಾಸ್ಮಾ 6ರಲ್ಲಿ ಕೆಡಿಇಯೇ ಡಬಲ್ ಕ್ಲಿಕ್ ಅನ್ನು ಡೀಫಾಲ್ಟ್ ಮಾಡಿತು. ಒಂದೇ ಕ್ಲಿಕ್‌ನ ಪದ್ಧತಿ ಕೈಗೆ ಕಡಿಮೆ ಶ್ರಮ ಕೊಡುತ್ತದೆ ಎಂಬುದು ನಿಜ. ಆದರೆ ಅದನ್ನು ಇಷ್ಟಪಡುವವರಿಗೆ ಸೆಟ್ಟಿಂಗ್ ಎಲ್ಲಿದೆ ಎಂದು ಗೊತ್ತು, ಹೊಸಬರಿಗೆ ಗೊತ್ತಿಲ್ಲ. ಕೆಡಿಇ ತೆಗೆದುಕೊಂಡ ಈ ನಿರ್ಧಾರ ಸರಿಯಾದದ್ದು. ಗೊತ್ತಿದ್ದವರಿಗೆ ಒಂದು ಸಲ ಸೆಟ್ಟಿಂಗ್ ಬದಲಿಸುವ ಕೆಲಸ ಬೀಳಲಿ, ಗೊತ್ತಿಲ್ಲದವರಿಗೆ ದಿನವೂ ಎಡವುವುದು ತಪ್ಪಲಿ.

ಪ್ಲಾಸ್ಮಾದಲ್ಲಿ ಉಳಿದಿರುವ ಅಪಾಯ ಬೇರೆ ಬಗೆಯದು: ಏನನ್ನು ಬೇಕಾದರೂ ಬದಲಿಸಬಹುದು, ಹಾಗಾಗಿ ಕೈತಪ್ಪಿ ಕೆಳಗಿನ ಪ್ಯಾನೆಲ್ ಅನ್ನೇ ಅಳಿಸಬಹುದು. ಹಾಗಾದಾಗ ಡೆಸ್ಕ್‌ಟಾಪ್‌ನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಎಡಿಟ್ ಮೋಡ್‌ಗೆ ಹೋಗಿ, ಆ್ಯಡ್ ಪ್ಯಾನೆಲ್ ಅಡಿಯಲ್ಲಿ ಡೀಫಾಲ್ಟ್ ಪ್ಯಾನೆಲ್ ಒತ್ತಿದರೆ ಅದು ಮರಳುತ್ತದೆ. ಈ ಒಂದು ಸಾಲನ್ನು ಹೊಸಬರಿಗೆ ಮೊದಲೇ ಹೇಳಿಕೊಟ್ಟರೆ ಪ್ಲಾಸ್ಮಾದ ಬಗ್ಗೆ ಇರುವ ಅರ್ಧ ಭಯ ಹೋಗುತ್ತದೆ. 2025ರ ಏಪ್ರಿಲ್‌ನ ಫೆಡೋರಾ 42ರಿಂದ ಪ್ಲಾಸ್ಮಾ ರೂಪಕ್ಕೂ ವರ್ಕ್‌ಸ್ಟೇಷನ್‌ಗೆ ಸಮನಾದ ಸ್ಥಾನ ಸಿಕ್ಕಿದೆ.

ಬದಲಿಸುವ ದಾರಿ ಅತಿ ಸುಲಭವಾಗಿ ಸಿಗುವುದು ಸಿನಮನ್‌ನಲ್ಲಿ. ಮೆನು ಎಡ ಕೆಳಮೂಲೆಯಲ್ಲಿ, ಟ್ರೇ ಮತ್ತು ಗಡಿಯಾರ ಬಲ ಕೆಳಮೂಲೆಯಲ್ಲಿ, ಪ್ಯಾನೆಲ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಅದರ ಸೆಟ್ಟಿಂಗ್. ಕೊರತೆ ಒಳಗಡೆ ಇದೆ. ಕಿಟಕಿಗಳನ್ನು ಪರದೆಗೆ ತರುವ ಹಳೆಯ ವ್ಯವಸ್ಥೆ ಎಕ್ಸ್11, ಹೊಸದು ವೇಲ್ಯಾಂಡ್. ಗ್ನೋಮ್ ಮತ್ತು ಪ್ಲಾಸ್ಮಾ ವೇಲ್ಯಾಂಡ್‌ಗೆ ಹೋಗಿವೆ, ಉಬುಂಟು 25.10ರಲ್ಲಿ ಗ್ನೋಮ್‌ನ ಎಕ್ಸ್11 ಸೆಷನ್ನೇ ಇಲ್ಲ. ಸಿನಮನ್‌ನ ವೇಲ್ಯಾಂಡ್ ಸೆಷನ್ 2024ರ ಜನವರಿಯ ಮಿಂಟ್ 21.3ರಲ್ಲಿ ಪ್ರಾಯೋಗಿಕವಾಗಿ ಬಂತು, ಮಿಂಟ್ 22ರಲ್ಲೂ ಡೀಫಾಲ್ಟ್ ಎಕ್ಸ್11 ಆಗಿಯೇ ಉಳಿಯಿತು. ಒಂದೇ ಪರದೆ ಇರುವವರಿಗೆ ಇದರಿಂದ ಬಾಧಕವಿಲ್ಲ. ಲ್ಯಾಪ್‌ಟಾಪ್‌ನ ಸಣ್ಣ ಪರದೆಗೆ ಒಂದು ಅಳತೆ (ಸ್ಕೇಲಿಂಗ್), ಹೊರಗಿನ ದೊಡ್ಡ ಮಾನಿಟರ್‌ಗೆ ಇನ್ನೊಂದು ಅಳತೆ ಬೇಕಾದವರಿಗೆ ಎಕ್ಸ್11 ಚೆನ್ನಾಗಿ ಹೊಂದುವುದಿಲ್ಲ. ಅವರಿಗೆ ಪ್ಲಾಸ್ಮಾ ಉತ್ತಮ.

ಹಳೆಯ ಯಂತ್ರಕ್ಕೆ ಹಗುರ ಡೆಸ್ಕ್‌ಟಾಪ್ ಎಂಬ ಸಲಹೆ

"ಹಳೆಯ ಲ್ಯಾಪ್‌ಟಾಪ್, ಎಕ್ಸ್‌ಎಫ್‌ಸಿಇ ಹಾಕಿ" ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ, ಅದು ಅರ್ಧ ಮಾತ್ರ ಸರಿ. ಖಾಲಿ ಕೂತಾಗ ಗ್ನೋಮ್ ಮತ್ತು ಎಕ್ಸ್‌ಎಫ್‌ಸಿಇ ನಡುವಿನ ಮೆಮೊರಿ ವ್ಯತ್ಯಾಸ ಕೆಲವು ನೂರು ಎಂಬಿ. ಬ್ರೌಸರ್‌ನಲ್ಲಿ ಹತ್ತು ಟ್ಯಾಬ್ ತೆರೆದರೆ ಆ ಉಳಿತಾಯ ಅಲ್ಲಿಗೇ ಮುಗಿಯುತ್ತದೆ. 4 ಜಿಬಿ ಯಂತ್ರದಲ್ಲಿ ಎಕ್ಸ್‌ಎಫ್‌ಸಿಇ ಆರಿಸುವುದು ಸರಿಯೇ, 8 ಜಿಬಿ ಇದ್ದರೆ ಮೆಮೊರಿಯ ಕಾರಣಕ್ಕೆ ಡೆಸ್ಕ್‌ಟಾಪ್ ಬಿಟ್ಟುಕೊಡಬೇಕಾಗಿಲ್ಲ. ಹಳೆಯ ಯಂತ್ರವನ್ನು ನಿಜವಾಗಿ ನಿಧಾನಗೊಳಿಸುವುದು ತಿರುಗುವ ಹಾರ್ಡ್ ಡಿಸ್ಕ್. ಅದನ್ನು ತೆಗೆದು 256 ಜಿಬಿಯ ಸಾಟಾ ಎಸ್‌ಎಸ್‌ಡಿ ಕೂರಿಸಿದರೆ ಸಿಗುವ ಚುರುಕು ಯಾವ ಡೆಸ್ಕ್‌ಟಾಪ್ ಬದಲಾವಣೆಯಿಂದಲೂ ಸಿಗುವುದಿಲ್ಲ.

ಇದಕ್ಕೆ ಸೇರಿಕೊಂಡ ಇನ್ನೊಂದು ಡೀಫಾಲ್ಟ್ ಜಡ್‌ರ್‍ಯಾಮ್. ಮೆಮೊರಿ ತುಂಬಿದಾಗ ಡಿಸ್ಕ್‌ಗೆ ಬರೆಯುವ ಬದಲು ಮೆಮೊರಿಯಲ್ಲೇ ಒಂದು ಭಾಗವನ್ನು ಕುಗ್ಗಿಸಿ ಇಡುವ ಏರ್ಪಾಡು ಇದು. ಫೆಡೋರಾದಲ್ಲಿ 33ನೇ ಆವೃತ್ತಿಯಿಂದ (2020) ತಾನಾಗಿ ಇರುತ್ತದೆ. ಉಬುಂಟು ಮತ್ತು ಮಿಂಟ್ ಡಿಸ್ಕ್‌ನಲ್ಲಿರುವ ಸ್ವಾಪ್ ಫೈಲ್ ಮೇಲೆ ನಿಂತಿವೆ. 4 ಜಿಬಿ ಯಂತ್ರದಲ್ಲಿ ಇವನ್ನು ಹಾಕಿದರೆ ಜಡ್‌ರ್‍ಯಾಮ್ ಟೂಲ್ಸ್ ಪ್ಯಾಕೇಜ್ ಸೇರಿಸಿ, ಅದರ ಸೆಟ್ಟಿಂಗ್ ಫೈಲ್‌ನಲ್ಲಿ ಮೆಮೊರಿಯ ಶೇ 50 ಎಂದು ಬರೆದರೆ ಸಾಕು. ಇಲ್ಲವಾದರೆ ಮೆಮೊರಿ ತುಂಬಿದ ಕ್ಷಣ ಮೌಸ್ ಕೂಡ ಸರಿಯದಂತೆ ಯಂತ್ರ ಸ್ತಬ್ಧವಾಗುತ್ತದೆ, ಹೊಸಬರು ಪವರ್ ಗುಂಡಿ ಅದುಮಿ ಹಿಡಿಯುತ್ತಾರೆ.

ಕನ್ನಡಕ್ಕೆ ಬೇಕಾದ ಡೀಫಾಲ್ಟ್‌ಗಳು

ಡಿಸ್ಟ್ರೋಗಳ ತುಲನೆಗಳಲ್ಲಿ ಕನ್ನಡ ಎಲ್ಲೂ ಕಾಣುವುದಿಲ್ಲ. ಕನ್ನಡ ಓದುವ, ಬರೆಯುವ ಹೊಸಬರಿಗೆ ಡೆಸ್ಕ್‌ಟಾಪ್‌ನ ಹೆಸರಿಗಿಂತ ಇಲ್ಲಿ ಹೇಳುವ ನಾಲ್ಕೈದು ವಿಷಯಗಳೇ ಮುಖ್ಯ.

ಮೊದಲು ಅಕ್ಷರದ ಗಾತ್ರ. 15.6 ಇಂಚಿನ 1366×768 ಪರದೆಯಲ್ಲಿ ಇಂಚಿಗೆ ಸುಮಾರು 100 ಪಿಕ್ಸೆಲ್. 14 ಇಂಚಿನ 1920×1080 ಪರದೆಯಲ್ಲಿ ಸುಮಾರು 157. ಇದರಲ್ಲಿ ಶೇ 100 ಅಳತೆ ಇಟ್ಟರೆ ಇಂಗ್ಲಿಷ್ ಅಕ್ಷರ ಸಣ್ಣದಾದರೂ ಓದಬಹುದು. ಕನ್ನಡದಲ್ಲಿ ಒತ್ತಕ್ಷರ ಮೂಲ ಅಕ್ಷರದ ಕೆಳಗೆ ಇನ್ನೂ ಸಣ್ಣದಾಗಿ ಕೂರುವುದರಿಂದ "ಸ್ತ್ರೀ", "ರಾಷ್ಟ್ರ" ಇಂಥವು ಮಸಿಯ ಚುಕ್ಕಿಗಳಾಗುತ್ತವೆ. ಶೇ 125 ಬೇಕು. ಉಬುಂಟುವಿನಲ್ಲಿ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ಪುಟದಲ್ಲಿ ಫ್ರ್ಯಾಕ್ಷನಲ್ ಸ್ಕೇಲಿಂಗ್ ಆನ್ ಮಾಡಿದರೆ ಆ ಆಯ್ಕೆ ಮೂಡುತ್ತದೆ, ಪ್ಲಾಸ್ಮಾದಲ್ಲಿ ಸ್ಲೈಡರ್ ನೇರವಾಗಿ ಇದೆ. ಗ್ನೋಮ್‌ನಲ್ಲಿ ಸುಲಭದ ಇನ್ನೊಂದು ದಾರಿ, ಆ್ಯಕ್ಸೆಸಿಬಿಲಿಟಿ ಪುಟದ ಲಾರ್ಜ್ ಟೆಕ್ಸ್ಟ್. ಅದು ಪಠ್ಯವನ್ನು ಮಾತ್ರ 1.25 ಪಟ್ಟು ಹಿಗ್ಗಿಸುತ್ತದೆ. ಎತ್ತರ ನಿಗದಿಯಾದ ಪಟ್ಟಿಗಳಿರುವ ಕೆಲವು ಥೀಮ್‌ಗಳಲ್ಲಿ ಒತ್ತಿನ ಬುಡ ಕತ್ತರಿಸಿಹೋಗುತ್ತದೆ. ಥೀಮ್ ಆರಿಸುವಾಗ ಬಣ್ಣ ನೋಡುವ ಮೊದಲು "ವಿಜ್ಞಾನ ತಂತ್ರಜ್ಞಾನ" ಎಂದು ಫೋಲ್ಡರ್‌ಗೆ ಹೆಸರಿಟ್ಟು ನೋಡಿ.

ಎರಡನೆಯದು ಕೀಬೋರ್ಡ್. ನುಡಿ ತಂತ್ರಾಂಶದ ಕಗಪ ಕೀ ವಿನ್ಯಾಸಕ್ಕೆ ಒಗ್ಗಿದವರು ಲಿನಕ್ಸ್‌ನಲ್ಲಿ ಅದೇ ಹೆಸರಿನ ಎರಡು ವಿನ್ಯಾಸ ಕಂಡು ತಪ್ಪಾದದ್ದನ್ನು ಆರಿಸುತ್ತಾರೆ. ಕೀಬೋರ್ಡ್ ಲೇಔಟ್‌ಗಳ ಸಾಮಾನ್ಯ ಪಟ್ಟಿಯಲ್ಲಿ ಸಿಗುವ ಕಗಪದಲ್ಲಿ ಒಂದು ಕೀ ಒತ್ತಿದರೆ ಒಂದು ನಿಗದಿತ ಅಕ್ಷರ, ಅಷ್ಟೇ. ಹಿಂದೆ ವ್ಯಂಜನ ಇದೆಯೋ ಇಲ್ಲವೋ ಅದು ನೋಡುವುದಿಲ್ಲ, ಹಾಗಾಗಿ ಸ್ವರಾಕ್ಷರಕ್ಕೂ ಸ್ವರಚಿಹ್ನೆಗೂ ಬೇರೆ ಬೇರೆ ಕೀಜೋಡಿ ಬೇಕು. ಐಬಸ್‌ನ (ಭಾಷೆಗಳ ಟೈಪಿಂಗ್ ನೋಡಿಕೊಳ್ಳುವ ವ್ಯವಸ್ಥೆ) ಎಂ17ಎನ್ ಎಂಬ ವಿನ್ಯಾಸಗಳ ಸಂಗ್ರಹದ ಅಡಿಯಲ್ಲಿ ಬರುವ ಕೆಜಿಪಿ (ಕಗಪದ ಇಂಗ್ಲಿಷ್ ಕಿರುರೂಪ) ಹಿಂದಿನ ಅಕ್ಷರ ನೋಡಿ ಸ್ವರವನ್ನು ಚಿಹ್ನೆಯಾಗಿ ಬದಲಿಸುತ್ತದೆ, ನುಡಿಗೆ ಒಗ್ಗಿದ ಬೆರಳಿಗೆ ಇದೇ ಬೇಕು. ಉಬುಂಟು ಅಥವಾ ಡೆಬಿಯನ್‌ನಲ್ಲಿ ಐಬಸ್ ಎಂ17ಎನ್ ಪ್ಯಾಕೇಜ್ ಹಾಕಿ, ಒಮ್ಮೆ ಲಾಗ್‌ಔಟ್ ಆಗಿ ಬಂದು, ಕೀಬೋರ್ಡ್ ಸೆಟ್ಟಿಂಗ್‌ನ ಇನ್‌ಪುಟ್ ಸೋರ್ಸ್‌ಗಳಲ್ಲಿ ಕನ್ನಡದ ಕೆಜಿಪಿ ಸೇರಿಸಿ. ಗ್ನೋಮ್‌ನಲ್ಲಿ ಸೂಪರ್ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಲಾಗ್‌ಔಟ್ ಮಾಡುವುದನ್ನು ಮರೆತರೆ ಪಟ್ಟಿಯಲ್ಲಿ ಆ ಹೆಸರೇ ಕಾಣದೆ, ಪ್ಯಾಕೇಜ್ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ಪ್ಲಾಸ್ಮಾದಲ್ಲಿ ಇನ್ನೊಂದು ಹೆಜ್ಜೆ ಉಂಟು. ವೇಲ್ಯಾಂಡ್‌ನಲ್ಲಿ ಟೈಪಿಂಗ್ ವಿಧಾನವನ್ನು ಆ್ಯಪ್‌ಗೆ ತಲುಪಿಸುವುದು ಕಿಟಕಿಗಳನ್ನು ನಿರ್ವಹಿಸುವ ಪ್ರೋಗ್ರಾಂ. ಗ್ನೋಮ್ ಐಬಸ್ ಅನ್ನು ತಾನೇ ಎಬ್ಬಿಸುತ್ತದೆ, ಪ್ಲಾಸ್ಮಾಗೆ ಯಾವುದು ಎಂದು ಹೇಳಬೇಕು. ಸಿಸ್ಟಂ ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ವರ್ಚುಯಲ್ ಕೀಬೋರ್ಡ್ ಎಂಬ ಪುಟ ತೆರೆದು ಐಬಸ್ ವೇಲ್ಯಾಂಡ್ ಅಥವಾ ಎಫ್‌ಸಿಐಟಿಎಕ್ಸ್ (Fcitx) 5 ಆರಿಸಬೇಕು. ಪರದೆಯ ಮೇಲಿನ ಕೀಬೋರ್ಡ್ ಬೇಡದವರು ಆ ಪುಟ ತೆರೆಯುವುದೇ ಇಲ್ಲ. ಕನ್ನಡ ಟೈಪ್ ಮಾಡುವವರಿಗೆ ಪ್ಲಾಸ್ಮಾ ಕೊಡುವಾಗ ಇದನ್ನು ಮುಂಚೆಯೇ ಮಾಡಿಕೊಡಿ. ಈ ಒಂದು ಕಾರಣಕ್ಕೇ, ಕನ್ನಡದಲ್ಲಿ ದಿನವಿಡೀ ಬರೆಯುವವರಿಗೆ ಉಬುಂಟುವಿನ ಗ್ನೋಮ್ ಹೆಚ್ಚು ನಿರಾಳ.

ಫಾಂಟ್ ವಿಷಯ ಬೇಗ ಮುಗಿಯುತ್ತದೆ. ಗುಬ್ಬಿ, ನವಿಲು, ಲೋಹಿತ್ ಕನ್ನಡ, ನೋಟೊ ಎಲ್ಲವೂ ಡೆಬಿಯನ್ ಭಂಡಾರದಲ್ಲಿ ಸಿಗುತ್ತವೆ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಯೂನಿಕೋಡ್‌ಗೆ ಮುಂಚೆ ಟೈಪ್ ಮಾಡಿದ ಕಡತಗಳು ಮಾತ್ರ ಲಿಬ್ರೆಆಫೀಸ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಳ್ಳುತ್ತವೆ. ಅದು ಲಿನಕ್ಸ್‌ನ ದೋಷವಲ್ಲ, ಕಡತದಲ್ಲಿ ಇರುವುದೇ ಆ ಅಕ್ಷರಗಳು. ವಿಂಡೋಸ್ ಬಿಡುವ ಮೊದಲು ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿಟ್ಟುಕೊಳ್ಳಬೇಕು.

ಭಾಷೆ ಮತ್ತು ಪ್ರದೇಶದ ಆಯ್ಕೆಯಲ್ಲಿ ಹೆಚ್ಚಿನವರು ಮೊದಲು ಕಾಣುವ ಅಮೆರಿಕನ್ ಇಂಗ್ಲಿಷ್ ಒತ್ತಿ ಮುಂದೆ ಹೋಗುತ್ತಾರೆ. ಅದರ ಫಲ ವಾರದ ನಂತರ ಪ್ರಿಂಟರ್ ಮುಂದೆ ಕಾಣುತ್ತದೆ: ಕಾಗದದ ಡೀಫಾಲ್ಟ್ ಅಳತೆ ಎ4 ಬದಲು ಲೆಟರ್ ಆಗಿರುತ್ತದೆ, ಪುಟದ ಅಂಚು ಹೆಚ್ಚುಕಡಿಮೆಯಾಗುತ್ತದೆ, ದಿನಾಂಕದಲ್ಲಿ ತಿಂಗಳು ಮೊದಲು ಬರುತ್ತದೆ. ಫಾರ್ಮ್ಯಾಟ್ ಅನ್ನು ಇಂಗ್ಲಿಷ್ (ಭಾರತ) ಅಥವಾ ಕನ್ನಡ (ಭಾರತ) ಮಾಡಿದರೆ ಇವೆಲ್ಲ ಒಟ್ಟಿಗೆ ಸರಿಯಾಗುತ್ತವೆ. ರೂಪಾಯಿ ಚಿಹ್ನೆ ಸಹಿತವಾದ ಭಾರತದ ಇಂಗ್ಲಿಷ್ ಲೇಔಟ್ ಆರಿಸಿದರೆ ಬಲಗಡೆಯ ಆಲ್ಟ್ ಜೊತೆ 4 ಒತ್ತಿದಾಗ ₹ ಬರುತ್ತದೆ. ಇಡೀ ಡೆಸ್ಕ್‌ಟಾಪ್ ಕನ್ನಡದಲ್ಲಿ ಬೇಕೆನ್ನುವವರಿಗೆ ಒಂದು ಎಚ್ಚರಿಕೆ: ಅನುವಾದ ಪೂರ್ತಿಯಾಗಿಲ್ಲ, ಕನ್ನಡ ಮೆನುವಿನ ನಡುವೆ ಇಂಗ್ಲಿಷ್ ಸಾಲುಗಳು ಬರುತ್ತವೆ. ಲಾಗಿನ್ ಆದಾಗ ಡೌನ್‌ಲೋಡ್ಸ್ ಮುಂತಾದ ಫೋಲ್ಡರ್‌ಗಳ ಹೆಸರನ್ನೂ ಬದಲಿಸಲೇ ಎಂದು ಕೇಳಿದರೆ ಹಳೆಯ ಹೆಸರೇ ಇರಲಿ ಎಂದು ಆರಿಸಿ. ಟರ್ಮಿನಲ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಚೌಕ ಇರುವುದರಿಂದ ಕನ್ನಡದ ಹೆಸರುಗಳು ಅಲ್ಲಿ ಒಡೆದು ಕಾಣುತ್ತವೆ.

ಉಳಿದ ಎರಡು ಬಲೆಗಳು

ಇನ್‌ಸ್ಟಾಲ್ ಮಾಡುವಾಗ ಬರುವ ಕೋಡೆಕ್ (ವಿಡಿಯೊ, ಆಡಿಯೊ ಬಿಡಿಸಿ ಓದುವ ತಂತ್ರಾಂಶ) ಚೌಕ ಮೊದಲನೆಯದು. ಮಿಂಟ್, ಉಬುಂಟು ಎರಡರಲ್ಲೂ ಅದಕ್ಕೆ ಟಿಕ್ ಹಾಕಿ. ಫೆಡೋರಾ ಪೇಟೆಂಟ್ ಕಾರಣಕ್ಕೆ ಎಚ್.264, ಎಚ್.265 ವಿಡಿಯೊಗಳ ಹಾರ್ಡ್‌ವೇರ್ ಡಿಕೋಡಿಂಗ್ ಅನ್ನು 37ನೇ ಆವೃತ್ತಿಯಿಂದ ತೆಗೆದಿದೆ, ಆರ್‌ಪಿಎಂ ಫ್ಯೂಷನ್ ಭಂಡಾರ ಸೇರಿಸದಿದ್ದರೆ ಇಂಥ ವಿಡಿಯೊ ತೆರೆಯದೆ ಹೋಗಬಹುದು, ತೆರೆದರೂ ಫ್ಯಾನ್ ಜೋರಾಗಿ ತಿರುಗಬಹುದು.

ಎರಡನೆಯದು ಟೈಮ್‌ಶಿಫ್ಟ್, ಸಿಸ್ಟಂನ ಹಿಂದಿನ ಸ್ಥಿತಿಯ ಪ್ರತಿ ಉಳಿಸಿಡುವ ಟೂಲ್. ಮಿಂಟ್ ತನ್ನ ಸ್ವಾಗತ ಪರದೆಯಲ್ಲೇ ಇದನ್ನು ಹೊಂದಿಸಲು ಹೇಳುತ್ತದೆ, ಹೇಳುವುದು ಒಳ್ಳೆಯದೇ. ಆದರೆ ಅದರ ಡೀಫಾಲ್ಟ್ ಸಿಸ್ಟಂ ಫೈಲ್‌ಗಳನ್ನು ಮಾತ್ರ ಉಳಿಸುತ್ತದೆ, ಮನೆಯ ಫೋಲ್ಡರ್ ಬಿಟ್ಟು. ಫೋಟೊ, ದಾಖಲೆಗಳೂ ಉಳಿದಿವೆ ಎಂದು ನಂಬಿದವರು ಡಿಸ್ಕ್ ಕೆಟ್ಟ ದಿನ ಎಲ್ಲವನ್ನೂ ಕಳೆದುಕೊಳ್ಳುತ್ತಾರೆ. ಈ ಲೇಖನದಲ್ಲಿ ಹೇಳಿದ ತೊಂದರೆಗಳಲ್ಲಿ ಸರಿಪಡಿಸಲು ಆಗದೆ ಉಳಿಯುವುದು ಇದೊಂದೇ. ಟೈಮ್‌ಶಿಫ್ಟ್‌ಗೆ ದಿನದ 2 ಅಥವಾ 3 ಪ್ರತಿ ಸಾಕು, ಹೆಚ್ಚಿಟ್ಟರೆ ಸಣ್ಣ ಡಿಸ್ಕ್ ತುಂಬುತ್ತದೆ. ಮನೆಯ ಫೋಲ್ಡರ್‌ಗೆ ಬೇರೆ ಬ್ಯಾಕಪ್ ಟೂಲ್ ಮತ್ತು ಹೊರಗಿನ ಡಿಸ್ಕ್ ಬೇಕೇ ಬೇಕು.

ಯಾರಿಗೆ ಯಾವುದು

ವಿಂಡೋಸ್ 10ರಿಂದ ಬರುವ, ಒಂದೇ ಪರದೆಯ, 8 ಜಿಬಿ ಯಂತ್ರದವರಿಗೆ ಮಿಂಟ್ ಸಿನಮನ್; 22ರ ಸರಣಿಗೆ 2029ರ ಏಪ್ರಿಲ್‌ವರೆಗೆ ಬೆಂಬಲ ಘೋಷಿಸಿದ್ದಾರೆ. 4 ಜಿಬಿ ಇದ್ದರೆ ಅದೇ ಮಿಂಟ್‌ನ ಎಕ್ಸ್‌ಎಫ್‌ಸಿಇ ರೂಪ. ಬೇರೆ ಬೇರೆ ಅಳತೆಯ ಪರದೆಗಳಿದ್ದರೆ ಪ್ಲಾಸ್ಮಾ. ಕನ್ನಡದಲ್ಲಿ ಹೆಚ್ಚು ಬರೆಯುವವರಿಗೆ, ಸ್ಕ್ರೀನ್ ರೀಡರ್ ಬೇಕಾದವರಿಗೆ ಉಬುಂಟು.

ಈ ಪಟ್ಟಿಯ ಹಿಂದೆ, ಹೊಸಬರೆಲ್ಲ ವಿಂಡೋಸ್ ಬಳಸಿದವರು ಎಂಬ ಊಹೆ ಅಡಗಿದೆ. ನಮ್ಮಲ್ಲಿ ಅನೇಕ ವಿದ್ಯಾರ್ಥಿಗಳು ಮೊದಲು ಕೈಯಲ್ಲಿ ಹಿಡಿದದ್ದು ಫೋನ್. ಅವರಿಗೆ ಕೆಳಗಿನ ಟಾಸ್ಕ್‌ಬಾರ್‌ನ ನೆನಪೇ ಇಲ್ಲ, ಆ್ಯಪ್‌ಗಳ ಜಾಲರಿ, ಮೇಲಿನಿಂದ ಇಳಿಯುವ ಸೆಟ್ಟಿಂಗ್ ಫಲಕ ಇರುವ ಗ್ನೋಮ್‌ನ ಮೂಲ ರೂಪವೇ ಬೇಗ ಹತ್ತಿರವಾಗಬಹುದು. "ಹೊಸಬರಿಗೆ ವಿಂಡೋಸ್‌ನಂತೆ ಕಾಣಬೇಕು" ಎಂಬುದನ್ನು ನಿಯಮ ಮಾಡಿಕೊಂಡರೆ ಇವರು ಲೆಕ್ಕದಿಂದ ಹೊರಗುಳಿಯುತ್ತಾರೆ.

ಹಾಗಾದರೆ ಬಳಕೆದಾರರನ್ನೇ ಕೇಳಬಹುದಲ್ಲ? ಜೋರಿನ್ ತನ್ನ ಅಪಿಯರೆನ್ಸ್ ಟೂಲ್‌ನಲ್ಲಿ, ಉಬುಂಟು ಮಾಟೆ ತನ್ನ ಟ್ವೀಕ್ ಟೂಲ್‌ನಲ್ಲಿ ಜೋಡಣೆಗಳ ಆಯ್ಕೆ ಕೊಡುತ್ತವೆ. ಹೆಸರು ತೋರಿಸಿ ಕೇಳುವುದಕ್ಕಿಂತ ಚಿತ್ರ ತೋರಿಸಿ ಕೇಳುವುದು ಖಂಡಿತ ಮೇಲು, ಒಬ್ಬರ ಮನೆಯ ಯಂತ್ರಕ್ಕೆ ಅದು ಸರಿಯಾದ ದಾರಿ. ಮೂವತ್ತು ಯಂತ್ರಗಳ ಲ್ಯಾಬ್‌ನಲ್ಲಿ ಅದೇ ತೊಡಕು: "ಎಡ ಕೆಳಮೂಲೆಯಲ್ಲಿ ಒತ್ತಿ" ಎಂದು ಶಿಕ್ಷಕರು ಹೇಳಿದಾಗ ಎಲ್ಲರ ಎಡ ಕೆಳಮೂಲೆಯಲ್ಲೂ ಒಂದೇ ವಸ್ತು ಇರಬೇಕು. ಪಕ್ಕದ ಕೇರಳದಲ್ಲಿ ಸರ್ಕಾರಿ ಸಂಸ್ಥೆ ಕೈಟ್ ಉಬುಂಟು ಆಧಾರದ ಒಂದೇ ಓಎಸ್ ಅನ್ನು ಶಾಲೆಗಳಿಗೆ ತಯಾರಿಸಿ ಕೊಡುತ್ತದೆ. ಪಾಠವೂ ಶಿಕ್ಷಕರ ತರಬೇತಿಯೂ ಅದೇ ಪರದೆಯ ಮೇಲೆ ನಡೆಯಲು ಇದರಿಂದ ಸಾಧ್ಯವಾಗುತ್ತದೆ.

ಲ್ಯಾಬ್‌ಗೆ ಡೀಫಾಲ್ಟ್ ಹಾಕುವ ಕ್ರಮ

ಕಾಲೇಜಿನ ಲ್ಯಾಬ್ ಅಥವಾ ಗ್ರಂಥಾಲಯದ ಯಂತ್ರಗಳಿಗೆ ಡೀಫಾಲ್ಟ್ ಹೊಂದಿಸುವವರು ಸಾಮಾನ್ಯವಾಗಿ ಒಂದು ಖಾತೆಯನ್ನು ಚೆನ್ನಾಗಿ ಅಲಂಕರಿಸಿ, ಅದರ ಸೆಟ್ಟಿಂಗ್ ಫೈಲ್‌ಗಳನ್ನು ಈಟಿಸಿ (ಇಡೀ ಯಂತ್ರದ ಸೆಟ್ಟಿಂಗ್‌ಗಳಿರುವ ಫೋಲ್ಡರ್) ಅಡಿಯ ಸ್ಕೆಲ್ ಫೋಲ್ಡರ್‌ಗೆ ನಕಲು ಮಾಡುತ್ತಾರೆ. ಅದು ಕೆಲಸ ಮಾಡುವುದು ಹೊಸ ಖಾತೆ ಸೃಷ್ಟಿಯಾಗುವ ಕ್ಷಣದಲ್ಲಿ ಮಾತ್ರ. ಆಮೇಲೆ ಸ್ಕೆಲ್‌ನಲ್ಲಿ ಏನು ತಿದ್ದಿದರೂ ಇರುವ ಖಾತೆಗಳಿಗೆ ತಲುಪುವುದಿಲ್ಲ. ಜೊತೆಗೆ, ನಕಲಾದ ಫೈಲ್ ಬಳಕೆದಾರರೇ ಬೇಕೆಂದು ಮಾಡಿದ ಆಯ್ಕೆಯಂತೆ ದಾಖಲಾಗುವುದರಿಂದ ಡಿಸ್ಟ್ರೋ ಮುಂದೆ ತರುವ ಸುಧಾರಿತ ಡೀಫಾಲ್ಟ್ ಕೂಡ ಅವರಿಗೆ ಸಿಗುವುದಿಲ್ಲ.

ಗ್ನೋಮ್, ಸಿನಮನ್‌ಗಳಿಗೆ ಸರಿಯಾದ ಜಾಗ ಡಿಕಾನ್ಫ್ ಎಂಬ ಸೆಟ್ಟಿಂಗ್‌ಗಳ ಡೇಟಾಬೇಸ್. ಈಟಿಸಿಯ ಡಿಕಾನ್ಫ್ ಫೋಲ್ಡರ್‌ನಲ್ಲಿ ಪ್ರೊಫೈಲ್ ಎಂಬ ಒಳಫೋಲ್ಡರ್‌ನೊಳಗೆ ಯೂಸರ್ ಎಂಬ ಫೈಲ್ ಮಾಡಿ, ಮೊದಲ ಸಾಲಿನಲ್ಲಿ ಬಳಕೆದಾರರ ಡೇಟಾಬೇಸ್, ಎರಡನೆಯ ಸಾಲಿನಲ್ಲಿ ಲೋಕಲ್ ಎಂಬ ಸಿಸ್ಟಂ ಡೇಟಾಬೇಸ್ ಹೆಸರಿಸಬೇಕು. ಈ ಅನುಕ್ರಮ ತಿರುಗಿದರೆ ಬಳಕೆದಾರರ ಬದಲಾವಣೆಗಳು ಉಳಿಯುವುದಿಲ್ಲ. ಆಮೇಲೆ ಲೋಕಲ್ ಡೇಟಾಬೇಸ್‌ನ ಫೋಲ್ಡರ್‌ನಲ್ಲಿ ಕಿಟಕಿಯ ಗುಂಡಿಗಳು, ಪಠ್ಯದ ಅಳತೆ 1.25, ಇನ್‌ಪುಟ್ ಸೋರ್ಸ್‌ಗಳಾಗಿ ಇಂಗ್ಲಿಷ್ ಮತ್ತು ಕೆಜಿಪಿ ಎಂದು ಬರೆದು ಡಿಕಾನ್ಫ್ ಅಪ್‌ಡೇಟ್ ಆಜ್ಞೆ ಓಡಿಸಬೇಕು. ಈ ಆಜ್ಞೆ ಮರೆತರೆ ಫೈಲ್ ಸರಿಯಾಗಿದ್ದರೂ ಏನೂ ಬದಲಾಗುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ. ಪ್ಲಾಸ್ಮಾಗೆ ಈಟಿಸಿಯ ಎಕ್ಸ್‌ಡಿಜಿ ಫೋಲ್ಡರ್‌ನಲ್ಲಿ ಕೆಡಿಇ ಗ್ಲೋಬಲ್ಸ್ ಫೈಲ್, ಎಕ್ಸ್‌ಎಫ್‌ಸಿಇಗೆ ಅಲ್ಲೇ ಒಳಗೆ ಎಕ್ಸ್‌ಎಫ್‌ಕಾನ್ಫ್‌ನ ಎಕ್ಸ್‌ಎಂಎಲ್ ಫೈಲ್‌ಗಳು. ಮೂರರಲ್ಲೂ ಬದಲಿಸಲಾಗದಂತೆ ಬೀಗ ಹಾಕುವ ಸೌಲಭ್ಯ ಇದೆ. ಪರೀಕ್ಷೆಯ ಯಂತ್ರಗಳ ಹೊರತು ಅದನ್ನು ಬಳಸಬೇಡಿ. ಪಠ್ಯ ದೊಡ್ಡದು ಮಾಡಿಕೊಳ್ಳಲು ಬಂದ ವಿದ್ಯಾರ್ಥಿಗೆ ಬೀಗ ಎದುರಾಗುವುದು ಅನ್ಯಾಯ.

ಹೀಗೆ ಹಾಕಿದ ಡೀಫಾಲ್ಟ್ ಅನ್ನು ಬದಲಿಸುವಾಗ ಇನ್ನೊಂದು ವಿಷಯ ನೆನಪಿಡಬೇಕು. ಸೆಟ್ಟಿಂಗ್ ಅನ್ನು ಎಂದೂ ಮುಟ್ಟದವರ ಆಯ್ಕೆ ಎಲ್ಲೂ ಬರೆದಿರುವುದಿಲ್ಲ, ಅವರಿಗೆ ಒಗ್ಗಿಹೋದದ್ದು ಕೂಡ ಅಪ್‌ಗ್ರೇಡ್ ಆದ ದಿನ ಬದಲಾಗುತ್ತದೆ. ಪ್ಲಾಸ್ಮಾ 6ರಲ್ಲಿ ಒಂದೇ ಕ್ಲಿಕ್‌ಗೆ ಒಗ್ಗಿದ್ದ ಹಳಬರಿಗೆ ಆದದ್ದು ಇದೇ. ಆದ್ದರಿಂದ ಲ್ಯಾಬ್‌ನಲ್ಲಿ ಎರಡು ಪರೀಕ್ಷಾ ಖಾತೆ ಇಟ್ಟುಕೊಳ್ಳಿ: ಒಂದು ಹೊಚ್ಚ ಹೊಸದು, ಇನ್ನೊಂದು ಕಳೆದ ಸೆಮಿಸ್ಟರ್‌ನಿಂದ ಬಳಕೆಯಲ್ಲಿರುವುದು. ಅಪ್‌ಗ್ರೇಡ್ ಅನ್ನು ಮೊದಲು ಒಂದೇ ಯಂತ್ರದಲ್ಲಿ ಮಾಡಿ, ಎರಡೂ ಖಾತೆಗಳಲ್ಲಿ ಫೈಲ್ ತೆರೆಯುವುದು, ರೈಟ್ ಕ್ಲಿಕ್, ಕನ್ನಡ ಟೈಪಿಂಗ್, ಎ4 ಪುಟದ ಪ್ರಿಂಟ್ ಈ ನಾಲ್ಕನ್ನು ನೋಡಿದ ಮೇಲೆ ಉಳಿದ ಯಂತ್ರಗಳಿಗೆ ಕೈ ಹಾಕಿ.